ಎಮ್ಮೆಗೆ ವಿಮೆ ಉಂಟು, ಗಂಡನಿಗಿಲ್ಲ

ನಮ್ಮದು ಮೂಲತಃ ಭಿಶಿ ಗುಂಪು. ಮುಂಬಯಿಯ ಮುಲುಂಡ್ ಪೂರ್ವದ ಅಕ್ಕಪಕ್ಕದ ಸೊಸೈಟಿಗಳ ಕನ್ನಡದ ಹೆಂಗಸರು ತಿಂಗಳಿಗೊಮ್ಮೆ ಸೇರುತ್ತೇವೆ, ರೊಕ್ಕ ಹಾಕುತ್ತೇವೆ, ಚೀಟಿ ಎತ್ತುತ್ತೇವೆ. ಹೆಸರು ಬಂದವಳಿಗೆ ಗಂಟು, ಉಳಿದವರಿಗೆ ತಿಂಡಿ. ಲಾಕ್‌ಡೌನ್ ಮುಗಿದ ಮೇಲೆ ಇದಕ್ಕೆ ಪುಸ್ತಕವೂ ಅಂಟಿಕೊಂಡಿತು. ಸರದಿಯ ಪ್ರಕಾರ ಒಬ್ಬರು ಒಂದು ಪುಸ್ತಕ ಓದಿ ಬಂದು ಕನ್ನಡದಲ್ಲಿ ಕಥೆ ಹೇಳಬೇಕು, ಬೇಕಾದವರು ಆಮೇಲೆ ಒಯ್ದು ಓದಿಕೊಳ್ಳಬೇಕು. ನನ್ನ ಸರದಿ ಬಂದಾಗ ನಾನು ಒಯ್ದದ್ದು ಗಂಡಂದಿರನ್ನು ಮುಗಿಸುವ ನಗೆಯ ಕಾದಂಬರಿ.

‘ಹೆಸರು ಹಾಕಿ ಬರೆದರೆ ಭಿಶಿಯಿಂದ ತೆಗೆದುಹಾಕುತ್ತೇವೆ’ ಎಂದು ಮೊದಲೇ ತಾಕೀತಾಗಿದೆ. ಹಾಗಾಗಿ ಇಲ್ಲಿ ಬರುವವರು ಕೋಟದ ಅಕ್ಕ, ಟೀಚರಮ್ಮ, ವಕೀಲರ ಮನೆಯವರು, ಮತ್ತು ನನ್ನ ಮಗಳು. ಮಗಳು ಭಿಶಿಯಲ್ಲಿಲ್ಲ. ತಿಂಡಿಗೆ ಬರುತ್ತಾಳೆ.

ಪುಸ್ತಕ ಪಾರಿನಿ ಶ್ರಾಫ್ ಅವರ ‘ದಿ ಬ್ಯಾಂಡಿಟ್ ಕ್ವೀನ್ಸ್’. ಕ್ಯಾಲಿಫೋರ್ನಿಯಾದ ವಕೀಲೆಯ ಮೊದಲ ಕಾದಂಬರಿ, 2023ರಲ್ಲಿ ಬಂದದ್ದು, ಅದೇ ವರ್ಷ ಬ್ರಿಟನ್ನಿನ ವಿಮೆನ್ಸ್ ಪ್ರೈಜ್‌ನ ಮೊದಲ ಪಟ್ಟಿಗೂ ಸೇರಿತ್ತು. ಕಥೆ ನಡೆಯುವುದು ಗುಜರಾತಿನ ಒಂದು ಹಳ್ಳಿಯಲ್ಲಿ. ಗೀತಾಳ ಗಂಡ ರಮೇಶ ಐದು ವರ್ಷದ ಹಿಂದೆ ಕಾಣೆಯಾಗಿದ್ದಾನೆ. ಇವಳೇ ಕೊಂದಳು ಅಂತ ಊರಿಗೆ ಊರೇ ನಂಬಿದೆ. ಇವಳು ಕೊಂದಿಲ್ಲ. ಮೊದಮೊದಲು ಇಲ್ಲ ಇಲ್ಲ ಎಂದು ಹೇಳಿಕೊಂಡು ತಿರುಗಿದವಳಿಗೆ ಬರುಬರುತ್ತಾ ಈ ಅಪವಾದದ ಲಾಭವೂ ತಿಳಿಯುತ್ತದೆ: ಯಾರೂ ತಂಟೆಗೆ ಬರುವುದಿಲ್ಲ, ಮಾಡಿದ ಒಡವೆಗೆ ಯಾರೂ ಬೇಡ ಅನ್ನುವುದಿಲ್ಲ. ಅವಳು ಮಾಡುವುದು ಮಂಗಳಸೂತ್ರ! ಗಂಡನನ್ನು ಕೊಂದವಳು ಎಂದು ಹೆಸರಾದವಳ ಕೈಯಿಂದಲೇ ಊರಿನ ಮುತ್ತೈದೆಯರ ತಾಳಿ. ಇಲ್ಲಿಯವರೆಗೆ ಹೇಳುವಷ್ಟರಲ್ಲೇ ಕೋಟದ ಅಕ್ಕ ಸೋಸುತ್ತಿದ್ದ ಬಸಳೆಯನ್ನು ಪಕ್ಕಕ್ಕಿಟ್ಟರು. ಮಾಟುಂಗಾ ಮಾರ್ಕೆಟ್ಟಿನಿಂದ ತಂದ ಬಸಳೆಯನ್ನು ಅವರು ಹಾಗೆಲ್ಲ ಅರ್ಧಕ್ಕೆ ಬಿಡುವವರಲ್ಲ.

ಗೀತಾ ಇರುವ ಸಾಲದ ಗುಂಪಿನಲ್ಲಿ ಫರಾ ಎಂಬವಳಿದ್ದಾಳೆ. ಗಂಡ ಕುಡುಕ, ಹೊಡೆಯುತ್ತಾನೆ, ದುಡಿದ ದುಡ್ಡು ಕದಿಯುತ್ತಾನೆ. ಅವಳ ಕಂತು ಬಾಕಿ ಬೀಳುತ್ತದೆ. ಒಂದು ದಿನ ಬಂದು ಗೀತಾಳನ್ನು ಕೇಳುತ್ತಾಳೆ: ನಿನಗೆ ಅನುಭವ ಇದೆಯಲ್ಲ, ನನ್ನದನ್ನೂ ಮುಗಿಸಿಕೊಡು. ಮೊದಲು ಗೋಗರೆತ, ಆಮೇಲೆ ಬ್ಲ್ಯಾಕ್‌ಮೇಲು. ಒಬ್ಬಳ ಕೆಲಸವಾದರೆ ಊರಲ್ಲಿ ಸುದ್ದಿ ನಿಲ್ಲುತ್ತದೆಯೇ? ಉಳಿದವರೂ ಅರ್ಜಿ ಹಿಡಿದು ಬರುತ್ತಾರೆ. ಮುಂದಿನದನ್ನು ಇಲ್ಲಿ ಹೇಳುವುದಿಲ್ಲ.

ಮೊದಲು ಬಾಯಿ ತೆರೆದವರು ವಕೀಲರ ಮನೆಯವರು. ಮೈಸೂರಿನವರು, ಮಾತು ಮೆತ್ತಗೆ, ಅಭಿಪ್ರಾಯ ಗಟ್ಟಿ. “ಪೆಟ್ಟು ತಿನ್ನೋ ಹೆಂಗಸಿನ ಕಥೇಲಿ ನಗೋದು ಹೇಗ್ರೀ? ಅಷ್ಟು ಕಷ್ಟದಲ್ಲಿರೋಳಿಗೆ ಜೋಕ್ ಹೊಳೆಯುತ್ತಾ? ಇದು ಹೊಟ್ಟೆ ತುಂಬಿದೋರು ಬರೆದದ್ದು.” ಅವರ ಎರಡನೆಯ ಆಕ್ಷೇಪ ಕಾನೂನಿನದು. 2005ರಲ್ಲಿ ಕೌಟುಂಬಿಕ ದೌರ್ಜನ್ಯದ ಕಾಯ್ದೆ ಬಂದಿದೆ, ಅದಕ್ಕೂ ಮೊದಲು 1983ರಿಂದ ಗಂಡನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ 498ಎ ಕಲಮು ಇತ್ತು, ಇವರೆಲ್ಲ ಅರ್ಜಿ ಹಾಕುವುದು ಬಿಟ್ಟು ವಿಷ ಹುಡುಕುವುದು ಏಕೆ? ಕೊನೆಗೆ ಇನ್ನೊಂದು ಮಾತು ಸೇರಿಸಿದರು. “ಅದೆಲ್ಲ ಉತ್ತರದ ಕಡೆ ಜಾಸ್ತಿ. ನಮ್ಮ ಕಡೆ ಅಷ್ಟಿಲ್ಲ.”

ಮಗಳು ಅಲ್ಲೇ ಫೋನಿನಲ್ಲಿ ಹುಡುಕಿ ಓದಿದಳು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019–21. ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಕಂಡವರು ದೇಶದಲ್ಲಿ ಶೇಕಡಾ 29ರಷ್ಟು. ಕರ್ನಾಟಕದಲ್ಲಿ 44. ದೇಶಕ್ಕೇ ನಾವೇ ಮುಂದೆ. ವಕೀಲರ ಮನೆಯವರು ಫೋನು ಇಸಿದುಕೊಂಡು ಕನ್ನಡಕ ಏರಿಸಿ ತಾವೇ ನೋಡಿದರು. ಏನೂ ಅನ್ನಲಿಲ್ಲ, ಆದರೆ ನಗುವಿನ ಬಗ್ಗೆ ಇದ್ದ ಆಕ್ಷೇಪವನ್ನಂತೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆ ಆಕ್ಷೇಪ ಅವರೊಬ್ಬರದಲ್ಲ. ಇಂಥ ಪುಸ್ತಕ ಓದಿದ ಅರ್ಧ ಜನ ಹೇಳುವುದು ಅದನ್ನೇ. ಅತ್ತರೆ ನಂಬುತ್ತೇವೆ, ಸಿಟ್ಟಾದರೂ ನಂಬುತ್ತೇವೆ, ನಕ್ಕರೆ ಮಾತ್ರ ಸಂಶಯ. ಇದಕ್ಕೆ ನಾನು ವಾದದಿಂದ ಉತ್ತರ ಕೊಡಲಾರೆ, ಎಮ್ಮೆಯಿಂದ ಕೊಡಬಲ್ಲೆ.

ಬ್ಯಾಂಕಿನಲ್ಲಿದ್ದಾಗ, ಮುಂಬಯಿಗೆ ವರ್ಗವಾಗುವ ಮೊದಲು, ಹಾವೇರಿ ಜಿಲ್ಲೆಯ ಒಂದು ಶಾಖೆಯಲ್ಲಿ ಸ್ವಸಹಾಯ ಗುಂಪುಗಳ ಸಾಲ ನೋಡಿಕೊಳ್ಳುತ್ತಿದ್ದೆ. ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆಯನ್ನು ಗ್ರಾಮೀಣ ಅಭಿವೃದ್ಧಿಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಗುಂಪುಗಳ ಗುರಿ ಇಟ್ಟುಕೊಂಡು ಪ್ರಯೋಗಕ್ಕೆಂದು ಶುರು ಮಾಡಿತ್ತು. ನಾನು ಆ ಕೆಲಸಕ್ಕೆ ಹೋಗುವ ಹೊತ್ತಿಗೆ ಅದು ಹಳ್ಳಿಹಳ್ಳಿಗೂ ಹಬ್ಬಿತ್ತು. ಅಡವಿಡಲು ಹೊಲ ಇಲ್ಲ, ಬಂಗಾರ ಇಲ್ಲ. ಒಬ್ಬಳಿಗೆ ಇನ್ನೊಬ್ಬಳೇ ಆಧಾರ. ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕು, ಇಲ್ಲವಾದರೆ ಮುಂದಿನ ಸಾಲ ಯಾರಿಗೂ ಇಲ್ಲ. ವಸೂಲಿಯ ಅಂಕಿಗಳು ಚೆಂದ ಕಾಣುತ್ತಿದ್ದುದರ ಗುಟ್ಟು ಇದೇ. ಬ್ಯಾಂಕಿನವರು ದಾರಿಯಲ್ಲಿ ಸಿಕ್ಕರೆ ತಪ್ಪಿಸಿಕೊಳ್ಳಬಹುದು, ಒಂದೇ ನಲ್ಲಿಯಲ್ಲಿ ನೀರು ಹಿಡಿಯುವ ನೆರೆಯವಳಿಂದ ತಪ್ಪಿಸಿಕೊಳ್ಳುವುದು ಹೇಗೆ?

ಅಂಥದೊಂದು ಗುಂಪಿಗೆ ಎಮ್ಮೆ ಸಾಲ ಮಂಜೂರಾಗಿತ್ತು. ಎಮ್ಮೆಗೆ ವಿಮೆ ಮಾಡಿಸಬೇಕು, ಕಿವಿಗೆ ನಂಬರಿನ ಬಿಲ್ಲೆ ಹೊಡೆಸಬೇಕು, ಎಮ್ಮೆ ಸತ್ತರೆ ಬಿಲ್ಲೆ ತೋರಿಸಿದರೇ ದುಡ್ಡು, ಇಲ್ಲದಿದ್ದರೆ ಇಲ್ಲ. ಗುಡಿಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ವಿವರಿಸುತ್ತಿದ್ದೆ. ಹಿಂದಿನ ಸಾಲಿನಲ್ಲಿ ಕೂತವಳೊಬ್ಬಳು, ಮೊಣಕೈಯಿಂದ ಮುಂಗೈವರೆಗೆ ಬಾಸುಂಡೆ ಎದ್ದಿತ್ತು, ಸೆರಗಿನಿಂದ ಮುಚ್ಚಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ, ಎದ್ದು ನಿಂತು ಕೇಳಿದಳು.

“ಮೇಡಮ್ಮಾರ, ಎಮ್ಮಿ ಸತ್ರ ರೊಕ್ಕ ಬರ್ತೈತಿ. ಗಂಡ ಸತ್ರ?”

“ಇಲ್ಲಮ್ಮ, ಅದು ಬೇರೆ.”

“ಹಂಗಾರ ಅವನ ಕಿವಿಗೂ ಒಂದು ಬಿಲ್ಲಿ ಹೊಡೀರಿ. ಹೆಂಗೂ ಹಾಲು ಕೊಡಂಗಿಲ್ಲ, ಸಗಣೀನೂ ಹಾಕಂಗಿಲ್ಲ.”

ಇಡೀ ಕಟ್ಟೆ ನಕ್ಕಿತು. ಅವಳ ಅತ್ತೆಯೂ ಅದೇ ಗುಂಪಿನಲ್ಲಿದ್ದಳು, ಎಲೆಯಡಿಕೆ ಉಗುಳಿ ಬಂದು ಆಕೆಯೂ ನಕ್ಕಳು. ಆ ವಾರ ಅವಳ ಕಂತು ಪೂರ್ತಿ ಇರಲಿಲ್ಲ. ನಗು ನಿಲ್ಲುವುದರೊಳಗೆ ಪಕ್ಕದವಳು ಸೊಂಟದ ಸಂಚಿ ಬಿಚ್ಚಿ ಕಡಿಮೆ ಬಿದ್ದದ್ದನ್ನು ಎಣಿಸಿ ನನ್ನ ಮುಂದಿಟ್ಟಳು. (ಈಗಾದರೆ ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷದ ಜೀವನ್ ಜ್ಯೋತಿ ವಿಮೆ ಬ್ಯಾಂಕಿನಲ್ಲೇ ಸಿಗುತ್ತದೆ, ಆ ಯೋಜನೆ ಶುರುವಾದದ್ದು 2015ರಲ್ಲಿ. ಆಗಲೇ ಅದು ಇದ್ದಿದ್ದರೆ ಅವಳು ಏನು ಲೆಕ್ಕ ಹಾಕುತ್ತಿದ್ದಳೋ.)

ಶ್ರಾಫ್ ಅವರ ಪುಸ್ತಕದ ಗಟ್ಟಿ ಜಾಗ ನನಗೆ ಸಿಕ್ಕಿದ್ದು ಇಲ್ಲಿಯೇ. ಕೊಲೆಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕಂತಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಫರಾಳ ಗಂಡ ಕುಡಿದು ಹೊಡೆಯುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದು ಅವಳ ಮನೆಯ ರಗಳೆಯಾಗಿದ್ದಷ್ಟು ಕಾಲ ಯಾರಿಗೂ ಅವಸರವಿರಲಿಲ್ಲ. ಅವನು ಕದ್ದ ದುಡ್ಡು ಗುಂಪಿನ ಲೆಕ್ಕದಲ್ಲಿ ಕಡಿಮೆ ಬಿದ್ದಾಗ ಅವನು ಎಲ್ಲರ ಗಂಡನಾಗಿಬಿಟ್ಟ. ಮೂಗು ಮುರಿಯುವವಳು, ಮರುಗುವವಳು, ಕಣ್ಣು ತಪ್ಪಿಸುವವಳು ಎಲ್ಲರೂ ಒಂದೇ ಪಾಸ್‌ಬುಕ್ಕಿಗೆ ಕಟ್ಟುಬಿದ್ದವರು. ಆದ್ದರಿಂದಲೇ ಅಲ್ಲಿ ಕೊಲೆಯ ಮಾತು ಮನೆವಾರ್ತೆಯ ದನಿಯಲ್ಲಿ ನಡೆಯುತ್ತದೆ: ಯಾರು ತರಬೇಕು, ಯಾರು ಕಾಯಬೇಕು, ಯಾರು ಯಾರಿಗೆ ಎಷ್ಟು ಋಣಿ. ನನಗೆ ನಗು ಬಂದದ್ದು ಆ ದನಿಗೆ. ನಗುತ್ತಲೇ ಹೊಟ್ಟೆಯೊಳಗೆ ಸಂಕಟವೂ ಆಯಿತು, ಏಕೆಂದರೆ ಆ ಲೆಕ್ಕದ ಪುಸ್ತಕ ಬರೆಯುತ್ತಿದ್ದ ಕಡೆ ನಾನಿದ್ದೆ. ಕಿರುಸಾಲದವರ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಗಿ ಬಂತಲ್ಲ, ಆಗ ಪೇಪರಿನಲ್ಲಿ ಓದಿದ ಸುದ್ದಿಗಳಲ್ಲಿ ಇಂಥ ನಗು ಎಲ್ಲೂ ಇರಲಿಲ್ಲ. ಹಳ್ಳಿಯಲ್ಲಿ ಇದ್ದೇ ಇರುತ್ತದೆ. ವರದಿಗಾರ ಬಂದಾಗ ನಿಲ್ಲಿಸುತ್ತಾರೆ.

ಟೀಚರಮ್ಮನ ತಕರಾರು ಬೇರೆ ದಿಕ್ಕಿನದು. ಗದಗಿನವರು, ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾದವರು. “ಇವರಿಗೆ ಕೊಲ್ಲಾಕ ಬರೂದಿಲ್ರಿ. ಪ್ರಾಕ್ಟಿಕಲ್ಸ್‌ನ್ಯಾಗ ಫೇಲ್ ಮಾಡತಿದ್ದೆ.” ಆಮೇಲೆ ಅವರು ಹಂಗೇರಿಯ ನಾಗ್ಯರೇವ್ ಎಂಬ ಹಳ್ಳಿಯ ಕಥೆ ತೆಗೆದರು. ಮೊದಲ ಮಹಾಯುದ್ಧದ ಕಾಲದಿಂದ ಶುರುವಾಗಿ ಹಲವು ವರ್ಷ ಅಲ್ಲಿಯ ಹೆಂಗಸರು ಗಂಡಂದಿರಿಗೆ, ಮನೆಯ ಇತರರಿಗೆ ಆರ್ಸೆನಿಕ್ ಹಾಕಿ ಕೊಂದರು. ದಾರಿ ತೋರಿಸಿದವಳು ಊರಿನ ಸೂಲಗಿತ್ತಿ. ವಿಷ ಬಂದದ್ದು ನೊಣ ಹಿಡಿಯುವ ಕಾಗದದಿಂದ, ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತಿದ್ದ ವಸ್ತು. 1929ರಲ್ಲಿ ಎಲ್ಲ ಬಯಲಾಗಿ ಗೋರಿಗಳನ್ನು ತೆಗೆಸಿ ಪರೀಕ್ಷೆ ಮಾಡಿಸಿದರು. ಆರ್ಸೆನಿಕ್ ಮಣ್ಣಿನಲ್ಲಿದ್ದರೂ ಕರಗಿ ಮಾಯವಾಗುವುದಿಲ್ಲ, ಕೂದಲು ಉಗುರುಗಳಲ್ಲಿ ಕೂತಿರುತ್ತದೆ ಎಂಬುದನ್ನು ಟೀಚರಮ್ಮ ಹೇಳಿದ ರೀತಿಗೆ ಅವರ ವಿದ್ಯಾರ್ಥಿಗಳು ಯಾರೂ ಆ ಪಾಠ ಮರೆತಿರಲಾರರು. “ನಡೆದ ಕಥೀನ ಇಷ್ಟು ಛಲೋ ಇರುವಾಗ ಬರೆದ ಕಥಿ ಇನ್ನಷ್ಟು ಛಲೋ ಇರಬೇಕಲ್ರಿ?” ಎಂದು ಕೇಳಿ ಚಕ್ಕುಲಿ ಮುರಿದರು.

ಮಗಳು ಲೋವರ್ ಪರೇಲ್‌ನ ಜಾಹೀರಾತು ಕಂಪನಿಯವಳು. ಮಾತು ಮಾರಿ ಬದುಕುವವರಿಗೆ ಮಾತಿನ ಮೇಲೇ ಕಣ್ಣು. ಅವಳ ಪ್ರಕಾರ ಈ ಹಳ್ಳಿಯಲ್ಲಿ ಎಲ್ಲರೂ ಒಂದೇ ಅಚ್ಚಿನ ಚುರುಕು ಮಾತಾಡುತ್ತಾರೆ, ಅದೂ ಅಮೆರಿಕದ ಟಿವಿ ಧಾರಾವಾಹಿಯ ಚುರುಕು. ಗೀತಾ ಹೇಳಿದ್ದನ್ನು ಅದೇ ಗುಂಪಿನ ಸಲೋನಿ ಹೇಳಿದರೂ ನಡೆಯುತ್ತದೆ, ಸಲೋನಿಯದನ್ನು ಫರಾ ಹೇಳಿದರೂ ನಡೆಯುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಹಾವೇರಿಯವಳ ಬಿಲ್ಲೆ ಮಾತು ಅವಳ ಬಾಯಿಗೇ ಹೊಂದುವಂಥದು, ಅತ್ತೆಯ ಬಾಯಿಗೆ ಹೊಂದುವುದಿಲ್ಲ. ಅತ್ತೆಯ ತಮಾಷೆಯ ಅಳತೆ ಬೇರೆ. ಕಾದಂಬರಿಯ ಕೊನೆಯ ಭಾಗಕ್ಕೆ ಸಿನಿಮಾ ನುಗ್ಗುತ್ತದೆ ಎನ್ನುವುದನ್ನೂ ಒಪ್ಪಿದೆ. ಖಳನೆಂದು ಹಣೆಯ ಮೇಲೆ ಬರೆದುಕೊಂಡ ಖಳನೊಬ್ಬ ಬಂದು ಕೂತ ಮೇಲೆ ಕಂತಿನ ಲೆಕ್ಕ ಹಿಂದೆ ಸರಿದು ಹಿಡಿ–ಬಿಡಿ–ಓಡು ಮುಂದೆ ಬರುತ್ತದೆ. ಮೊದಲ ನೂರು ಪುಟಗಳ ಹೆಂಗಸರಿಗೆ ಖಳ ಬೇಕಿರಲಿಲ್ಲ, ಮನೆಯಲ್ಲೇ ಇದ್ದ.

ಮಗಳ ಕಪಾಟಿನಲ್ಲಿ ಈ ಜಾತಿಯ ಪುಸ್ತಕಗಳ ಒಂದು ಸಾಲೇ ಇದೆ. ಅವಳ ಮೆಚ್ಚಿನದು ಓಯಿಂಕನ್ ಬ್ರೈತ್‌ವೇಟ್ ಅವರ ‘ಮೈ ಸಿಸ್ಟರ್, ದಿ ಸೀರಿಯಲ್ ಕಿಲ್ಲರ್’. 2018ರದು, ನೈಜೀರಿಯಾದ ಲಾಗೋಸಿನ ಕಥೆ, ಮರುವರ್ಷ ಬುಕರ್‌ನ ಮೊದಲ ಪಟ್ಟಿಗೆ ಬಂದಿತ್ತು. ಚೆಲುವೆ ತಂಗಿ ಪ್ರಿಯಕರರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಾಳೆ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ ಬ್ಲೀಚು ಹಿಡಿದು ಹೋಗಿ ಒರೆಸುತ್ತಾಳೆ. ಸಣ್ಣ ಪುಸ್ತಕ, ಸಣ್ಣ ಅಧ್ಯಾಯಗಳು. ಮುಲುಂಡಿನಲ್ಲಿ ಲೋಕಲ್ ಹತ್ತಿದರೆ ದಾದರ್ ಬರುವುದರೊಳಗೆ ನಾಲ್ಕಾರು ಅಧ್ಯಾಯ ಮುಗಿಯುತ್ತವೆ. ಲೇಡೀಸ್ ಡಬ್ಬಿಯಲ್ಲಿ ನಾನು ಅದನ್ನು ಓದುತ್ತಿದ್ದಾಗ ಎದುರು ಕೂತವರು ಮುಖಪುಟ ನೋಡಿ, ನನ್ನನ್ನು ನೋಡಿ, ಮತ್ತೆ ಮುಖಪುಟ ನೋಡುತ್ತಿದ್ದರು. ಬರವಣಿಗೆಯಲ್ಲಿ ಅದು ಇದಕ್ಕಿಂತ ಬಿಗಿ, ಅನುಮಾನವಿಲ್ಲ. ಆದರೂ ನನ್ನ ಒಲವು ಗುಜರಾತಿನ ಈ ಸಡಿಲ ಪುಸ್ತಕದ ಕಡೆಗೇ.

ಪಕ್ಕದ ಮನೆಯ ಗುಜರಾತಿ ಬೆನ್‌ಗೆ ಕಥೆ ಹೇಳಿದಾಗ ಅವರಿಗೆ ಕೊಲೆಗಳು ರುಚಿಸಲೇ ಇಲ್ಲ. ಅವರನ್ನು ಹಿಡಿದದ್ದು ಆ ಹಳ್ಳಿಯ ಕಳ್ಳಸಾರಾಯಿ. ಗುಜರಾತ್ 1960ರಲ್ಲಿ ಬೇರೆ ರಾಜ್ಯವಾದಾಗಿನಿಂದ ಪಾನನಿಷೇಧದ ರಾಜ್ಯ, ಆದರೂ ಕಾದಂಬರಿಯ ಗಂಡಂದಿರಿಗೆ ಕುಡಿಯಲು ಕೊರತೆಯಿಲ್ಲ. “ಇದೊಂದು ಮಾತ್ರ ಅವಳು ಊರು ನೋಡಿಯೇ ಬರೆದಿದ್ದಾಳೆ” ಎಂದು ಸರ್ಟಿಫಿಕೇಟು ಕೊಟ್ಟು ಹಾಂಡ್ವೋ ತುಂಡು ಕೊಟ್ಟು ಕಳಿಸಿದರು.

ನಮ್ಮ ಮನೆಯವರದನ್ನೂ ಹೇಳಿಬಿಡುತ್ತೇನೆ. 2025ರ ಮಾರ್ಚಿನಲ್ಲಿ ಮೀರತ್‌ನಲ್ಲಿ ಗಂಡನ ಹೆಣ ನೀಲಿ ಡ್ರಮ್ಮಿನಲ್ಲಿ ಸಿಕ್ಕ ಮೇಲೆ ಅವರ ನಿವೃತ್ತ ಮಿತ್ರರ ವಾಟ್ಸಾಪ್ ಗುಂಪಿನಲ್ಲಿ ಡ್ರಮ್ಮಿನ ಜೋಕುಗಳು ತಿಂಗಳುಗಟ್ಟಲೆ ಓಡಿದವು. ಇವರು ಒಂದೊಂದನ್ನೂ ನನಗೆ ಓದಿ ಹೇಳಿ ನಗುತ್ತಿದ್ದರು. ಒಬ್ಬ ಮನುಷ್ಯ ನಿಜವಾಗಿ ಸತ್ತಿದ್ದ, ಆ ಮನೆಯಲ್ಲಿ ಒಂದು ಕೂಸೂ ಇತ್ತು. ಅದೇ ಮನುಷ್ಯ ಈ ಕಾದಂಬರಿಯ ಹಿಂಬದಿ ಓದಿ, “ಇಂಥವನ್ನೆಲ್ಲ ತಮಾಷೆ ಮಾಡಬಾರದು, ಸಮಾಜಕ್ಕೆ ತಪ್ಪು ಸಂದೇಶ ಹೋಗುತ್ತದೆ” ಅಂದರು. ನಾನು ಜಗಳಾಡಲಿಲ್ಲ. ಪುಸ್ತಕವನ್ನು ಅವರ ದಿಂಬಿನ ಪಕ್ಕ ಇಟ್ಟೆ, ಮೇಲೆ ಅವರ ರಾತ್ರಿಯ ಬಿ.ಪಿ. ಗುಳಿಗೆ ಇಟ್ಟೆ. ಎರಡನ್ನೂ ಪರೀಕ್ಷಿಸಿ ನೋಡಿದರು.

ಕೋಟದ ಅಕ್ಕನನ್ನು ಕೊನೆಗೆ ಉಳಿಸಿಕೊಂಡೆ, ಏಕೆಂದರೆ ಅವರ ಪ್ರತಿಕ್ರಿಯೆ ಒಂದು ಪುಸ್ತಕಕ್ಕಾಗುವಷ್ಟಿತ್ತು. ಇಂಗ್ಲಿಷ್ ಬಾರದು. ಯಜಮಾನರು ಘಾಟ್‌ಕೋಪರಿನಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಗಲ್ಲಾದ ಹಿಂದೆ ಕೂತು ಕನ್ನಡ ಮಾಸಿಕಗಳನ್ನೆಲ್ಲ ಓದಿ ಮುಗಿಸಿದವರು. ಗೀತಾಳ ಮನಸ್ಸಿನ ದೇವತೆ ‘ಬ್ಯಾಂಡಿಟ್ ಕ್ವೀನ್’ ಪೂಲನ್ ದೇವಿ ಎಂದು ಹೇಳಿದಾಗ ಅವರು ಕಾದಂಬರಿಯನ್ನು ನಿಲ್ಲಿಸಿ ಅವಳ ಕಥೆ ಕೇಳಿದರು. ಹೇಳಿದೆ. 1963ರಲ್ಲಿ ಉತ್ತರ ಪ್ರದೇಶದ ಬಡ ಮಲ್ಲಾಹರ, ಅಂದರೆ ಅಂಬಿಗರ, ಮನೆಯಲ್ಲಿ ಹುಟ್ಟಿದ್ದು, ಹನ್ನೊಂದು ವರ್ಷಕ್ಕೇ ಮದುವೆ, ಗಂಡನ ಕಾಟ, ಡಕಾಯಿತರ ಗುಂಪು, ಬೆಹ್ಮಾಯಿಯಲ್ಲಿ ಅವಳನ್ನು ಕೂಡಿಹಾಕಿ ಕೆಡಿಸಿದ್ದು. 1981ರ ಫೆಬ್ರವರಿ 14ರಂದು ಅದೇ ಊರಲ್ಲಿ ಇಪ್ಪತ್ತು ಗಂಡಸರ ಸಾಲು ಸಾಲು ಹತ್ಯೆ. 1983ರಲ್ಲಿ ಶರಣಾಗತಿ, ವಿಚಾರಣೆಯೇ ಇಲ್ಲದೆ ಹನ್ನೊಂದು ವರ್ಷ ಜೈಲು, 1996ರಲ್ಲಿ ಮಿರ್ಜಾಪುರದ ಎಂ.ಪಿ., 2001ರ ಜುಲೈ 25ರಂದು ದಿಲ್ಲಿಯ ಮನೆಯ ಬಾಗಿಲಲ್ಲೇ ಗುಂಡೇಟು. ಟೀಚರಮ್ಮ ಫೆಬ್ರವರಿ 14 ಎಂಬಲ್ಲಿ ಒಮ್ಮೆ ಕೆಮ್ಮಿದರು, ಅಷ್ಟೇ.

“ಅವಳ ಕಥೆಯಲ್ಲಿ ನಗು ಇಲ್ಲೆ” ಅಂದರು ಅಕ್ಕ ಸ್ವಲ್ಪ ಹೊತ್ತಿನ ಮೇಲೆ. “ಅದಕ್ಕೇ ನಿನ್ನ ಗೀತಾ ಅವಳನ್ನ ಪೂಜೆ ಮಾಡೂದು. ಇವಳ ಕೈಯಲ್ಲಿ ಕೋವಿ ಇಲ್ಲೆ, ನಗು ಇತ್ತ್. ಇದ್ದದ್ದರಲ್ಲಿ ಮಾಡ್ಕಂತಾಳೆ.”

ಆಮೇಲೆ ವಕೀಲರ ಮನೆಯವರ ಕಡೆ ತಿರುಗಿ ಕೀಚಕವಧೆ ನೋಡಿದ್ದೀರಾ ಎಂದು ಕೇಳಿದರು. ಊರ ಯಕ್ಷಗಾನ ಮೇಳಗಳು ಮಳೆಗಾಲಕ್ಕೆ ಮುಂಬಯಿಗೆ ಬರುತ್ತವಲ್ಲ, ಆಗ ಅಕ್ಕ ಒಂದು ಆಟವನ್ನೂ ಬಿಟ್ಟವರಲ್ಲ. ಪ್ರಸಂಗವನ್ನು ಅವರು ಕೂತಲ್ಲೇ ಬಿಡಿಸಿದರು. ಸೈರಂಧ್ರಿ ತುಂಬಿದ ಸಭೆಯಲ್ಲಿ ಒದೆ ತಿಂದಿದ್ದಾಳೆ. ಅರಸ ಕಂಡೂ ಕಾಣದವನ ಹಾಗೆ ಕೂತಿದ್ದಾನೆ, ಗಂಡ ಧರ್ಮರಾಯ ಪಕ್ಕದಲ್ಲೇ ಕೂತು ಸುಮ್ಮನಿರು ಎನ್ನುತ್ತಾನೆ. ರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುತ್ತಾಳೆ. ಅಲ್ಲಿಯವರೆಗೆ ಸಭಾಂಗಣದಲ್ಲಿ ಸೂಜಿ ಬಿದ್ದರೆ ಕೇಳುತ್ತದೆ. ಮರುರಾತ್ರಿ ಕೀಚಕ ಗಂಧ ಪೂಸಿಕೊಂಡು, ಮೀಸೆ ತಿರುವಿಕೊಂಡು, ಕನ್ನಡಿ ನೋಡಿಕೊಂಡು ನರ್ತನಶಾಲೆಗೆ ಹೊರಡುತ್ತಾನೆ. ಒಳಗೆ ಸೀರೆ ಸುತ್ತಿಕೊಂಡು ಮುಸುಕು ಹಾಕಿ ಮಲಗಿದವನು ಭೀಮ. ಕತ್ತಲಲ್ಲಿ ಕೀಚಕ ತೋಳು ಸವರಿ, ಇದೇನು ಇಷ್ಟು ಗಡಸು ಎನ್ನುವಾಗ ಇಡೀ ಸಭಾಂಗಣ ಬಿದ್ದು ಬಿದ್ದು ನಗುತ್ತದೆ.

“ಎಲ್ಲರಿಗೂ ಗೊತ್ತಿತ್ತ್, ಇನ್ನೈದ್ ನಿಮಿಷಕ್ಕೆ ಅವ ಮುದ್ದೆ ಆತ ಅಂತ. ಆದ್ರೂ ನಗಾಡ್ತ್ರ್. ಅಜ್ಜಿಯಕ್ಕಳೇ ಹೆಚ್ಚು ನಗಾಡೂದು. ಆವಾಗ ಯಾರೂ ಹೇಳೂದಿಲ್ಲೆ, ಒದೆ ತಿಂದವಳ ಕಥೆಯಲ್ಲಿ ನಗಾಡ್ಕಾಗ ಅಂತ.”

ವಕೀಲರ ಮನೆಯವರು ಬಿಟ್ಟುಕೊಡಲಿಲ್ಲ. “ಅಲ್ಲಿ ಕೊಂದದ್ದು ಭೀಮ ಅಲ್ವಾ ಅಕ್ಕ? ಅವಳಲ್ಲವಲ್ಲ” ಅಂದರು. ಒಳ್ಳೆಯ ಪಟ್ಟು. ಅಕ್ಕನೂ ಒಂದು ಕ್ಷಣ ತಡೆದರು. “ಅಡಿಗೆಮನೆಗೆ ಹೋಗಿ ಎಬ್ಬಿಸಿದ್ದು ಯಾರು? ಜಾಗ ಹೇಳಿದ್ದು ಯಾರು? ಅವನನ್ನ ಬಾ ಅಂತ ಕರೆದದ್ದು ಯಾರು? ಭೀಮ ಬರೀ ಕೈ ಮಾರಾಯ್ತಿ.” ಟೀಚರಮ್ಮ ಚಪ್ಪಾಳೆ ತಟ್ಟಿದರು. ವಕೀಲರ ಮನೆಯವರು ಒಳಸಂಚು ಅಂದರೆ ಕಾನೂನಿನಲ್ಲಿ ಅದೂ ಅಪರಾಧವೇ ಎಂದು ಗಂಡನ ದನಿಯಲ್ಲಿ ಹೇಳಿ, ತಾವೇ ನಕ್ಕುಬಿಟ್ಟರು.

ಆ ರಾತ್ರಿ ಪುಸ್ತಕ ಒಯ್ದವರೂ ಅವರೇ. ಹಿಂದಿರುಗಿ ಕೊಟ್ಟಾಗ ಅದಕ್ಕೆ ಕ್ಯಾಲೆಂಡರ್ ಹಾಳೆಯ ಹೊದಿಕೆ ಇತ್ತು, ಮೇಲೆ ಮಹಾಲಕ್ಷ್ಮಿ. ಇಷ್ಟವಾಯಿತಾ ಎಂದು ಕೇಳಿದೆ. “ಸಾಹಿತ್ಯದ ದೃಷ್ಟಿಯಿಂದ ಸಾಧಾರಣ” ಎಂದರು. ನಡುವೆ ಒಂದೆರಡು ಪುಟಗಳ ಮೂಲೆ ಮಡಚಿತ್ತು, ಯಾವುವೆಂದು ನೋಡಿದ್ದೇನೆ, ಬರೆಯುವುದಿಲ್ಲ. ಈಗ ಪುಸ್ತಕ ಟೀಚರಮ್ಮನ ಹತ್ತಿರ ಇದೆ, ಪೆನ್ಸಿಲ್ಲಿನಲ್ಲಿ ತಿದ್ದುಪಡಿಗಳೊಂದಿಗೆ ಬರುತ್ತದೆಂದು ಹೇಳಿ ಕಳಿಸಿದ್ದಾರೆ. ನಮ್ಮ ಮನೆಯವರು ಫರಾಳ ಗಂಡ ಇನ್ನೂ ಬದುಕಿರುವ ಪುಟದಲ್ಲೇ ಕೈಬಿಟ್ಟಿದ್ದರು. ಪುಸ್ತಕ ವಾಪಸ್ ಬಂದ ಮೇಲೆ ಮುಂದೆ ಓದುತ್ತಾರಂತೆ.

ಮುಂದಿನ ಸರದಿ ಮಗಳದು, ಭಿಶಿಯಲ್ಲಿ ಇಲ್ಲದಿದ್ದರೂ. ಲಾಗೋಸಿನ ಅಕ್ಕತಂಗಿಯರ ಕಥೆ ಹೇಳುತ್ತೇನೆ ಎಂದಿದ್ದಾಳೆ. ಕೋಟದ ಅಕ್ಕ ಸೊಸೆಯ ಎದುರೇ ಒಂದು ಷರತ್ತು ಹಾಕಿದ್ದಾರೆ: “ಗಂಡನ್ನ ಕೊಲ್ಲು, ಪ್ರಿಯಕರನ್ನ ಕೊಲ್ಲು, ಯಾರನ್ನ ಬೇಕಾರೂ ಕೊಲ್ಲು. ಅತ್ತೆಯನ್ನ ಕೊಲ್ಲೂ ಪುಸ್ತಕ ತಂದ್ರೆ ಮಾತ್ರ ನಾನ್ ಬರೂದಿಲ್ಲೆ.”